ಹಿರೋಶಿಗೆ ನಿಂತಿದ್ದ ಜಾಗದಲ್ಲಿ ನಿಂತು ಫೋಟೋ ತೆಗೆಯೋದು ಹೇಗೆ

ಟೋಕಿಯೊದ ಅಸಾಕುಸಾದಲ್ಲಿ ಕಾಮಿನಾರಿಮೊನ್ ಅನ್ನೋ ದೊಡ್ಡ ದ್ವಾರ ಇದೆ. ಒಂದು ಜನವರಿ ಬೆಳಗ್ಗೆ ಅದರ ಕೆಳಗೆ ಮೊಣಕಾಲೂರಿ ಕೂತು, ಒಂದು ಕೈಲಿ 19ನೇ ಶತಮಾನದ ಜಪಾನಿ ಕಲಾವಿದ ಹಿರೋಶಿಗೆಯ ಮರದಚ್ಚಿನ ಪ್ರಿಂಟಿನ ಪೋಸ್ಟ್‌ಕಾರ್ಡ್, ಇನ್ನೊಂದು ಕೈಲಿ ಕ್ಯಾಮೆರಾ ಹಿಡ್ಕೊಂಡು ಅರ್ಧ ಗಂಟೆ ಒದ್ದಾಡಿದೀನಿ. ಚಿತ್ರದಲ್ಲಿ ಮೇಲ್ಗಡೆ ಅರ್ಧ ಮಾತ್ರ ಕಾಣೋ ದೊಡ್ಡ ಕೆಂಪು ಲಾಂದ್ರ, ಎದುರಿಗೆ ಹಿಮ ಹೊದ್ದ ನೇರ ದಾರಿ, ದಾರಿ ಕೊನೇಲಿ ಇನ್ನೊಂದು ಕೆಂಪು ದ್ವಾರ, ಬಲಗಡೆ ಐದಂತಸ್ತಿನ ಪಗೋಡ. ಇಲ್ಲೂ ಲಾಂದ್ರ ಇದೆ, ದಾರಿ ಇದೆ, ಎದುರಿನ ದ್ವಾರ ಇದೆ, ಆದ್ರೆ ಮುಂದೆ ಹೋಗಿ ನೋಡಿದ್ರೆ ಪಗೋಡ ಎಡಗಡೆ! ಪೋಸ್ಟ್‌ಕಾರ್ಡನ್ನೇ ಉಲ್ಟಾ ಪ್ರಿಂಟ್ ಮಾಡಿದಾರೇನೋ ಅಂತ ಲಾಂದ್ರದ ಮೇಲಿನ ಅಕ್ಷರ ನೋಡ್ದೆ, ಅಕ್ಷರ ಸರಿಯಾಗೇ ಇತ್ತು. ಆಮೇಲೆ ಗೊತ್ತಾಯ್ತು, ಹಳೇ ಪಗೋಡ 1945ರ ಬಾಂಬ್ ದಾಳೀಲಿ ಸುಟ್ಟೋಯ್ತು, 1973ರಲ್ಲಿ ಕಟ್ಟಿದ ಹೊಸದನ್ನ ದಾರಿಯ ಇನ್ನೊಂದು ಬದಿಗೆ, ಪಶ್ಚಿಮಕ್ಕೆ ಕಟ್ಟಿದಾರೆ.

ಹಾಗೆ ಹುಡುಕ್ತಾ ಹೋದ್ರೆ ಆ ದ್ವಾರವೂ ಹಳೇದಲ್ಲ, 1865ರಲ್ಲಿ ಸುಟ್ಟು 1960ರಲ್ಲಿ ಮತ್ತೆ ಎದ್ದಿದ್ದು. ಪ್ರಿಂಟಿನ ಲಾಂದ್ರದ ಮೇಲೆ ಶಿಂಬಾಶಿ ಅಂತ ಬರೆದಿದೆ, ಈಗಿನದರ ಮೇಲೆ ಕಾಮಿನಾರಿಮೊನ್ ಅಂತ ಇದೆ. (ಶಿಂಬಾಶಿ ಅಂತ ಬರೆದ ಲಾಂದ್ರ ಬೇಕಿದ್ರೆ ಒಳಗೆ ದೇವಸ್ಥಾನದ ಮುಖ್ಯ ಮಂಟಪಕ್ಕೆ ಹೋಗಿ, ಅಲ್ಲಿ ನೇತಾಡ್ತಿದೆ.) ಅಂದ್ರೆ ಚಿತ್ರದಲ್ಲಿ ಇರೋ ಒಂದು ಕಟ್ಟಡವೂ ಅದೇ ಕಟ್ಟಡ ಅಲ್ಲ. ಉಳಿದಿರೋದು ಆ ದಾರಿಯ ಗೆರೆ ಒಂದೇ, ಒಂದು ದ್ವಾರದಿಂದ ಇನ್ನೊಂದು ದ್ವಾರಕ್ಕೆ ದಾರ ಹಿಡಿದ ಹಾಗೆ ನೇರ ಹೋಗೋ ಗೆರೆ. ನಾನು ಪಗೋಡ ಬಿಟ್ಟು ಆ ಗೆರೆಗೆ ಕ್ಯಾಮೆರಾ ಹೊಂದಿಸಿದ ತಕ್ಷಣ ಫ್ರೇಮು ಕೂತ್ಕೊಂಡ್ತು.

ಇದನ್ನೇ ನಾನು ಈಗ ಎಲ್ರಿಗೂ ಹೇಳೋದು. ಹಳೇ ಉಕಿಯೊ-ಎ (ಈ ಥರದ ಜಪಾನಿ ಮರದಚ್ಚಿನ ಚಿತ್ರ) ಪ್ರಿಂಟಿನ ಜಾಗ ಹುಡುಕೋಕೆ ಹೊರಟ್ರೆ ಮೊದಲು ಆ ಚಿತ್ರದಲ್ಲಿ ಕದಲದೇ ಇರೋದು ಯಾವುದು ಅಂತ ಕಂಡ್ಕೊಳ್ಳಿ. ನದಿಯ ತಿರುವು, ಗುಡ್ಡದ ಅಂಚು, ದಡ, ದಾರಿಯ ದಿಕ್ಕು, ಮೆಟ್ಟಿಲ ಇಳಿಜಾರು, ದೂರದ ಫ್ಯೂಜಿ, ಹೀಗೆ ಏನಾದ್ರೂ ಒಂದು. ಅದಕ್ಕೆ ಕ್ಯಾಮೆರಾ ಹೊಂದಿಸಿ, ಮಿಕ್ಕಿದ್ದು ಈಗ ಹೇಗಿದೆಯೋ ಹಾಗೇ ಫ್ರೇಮಲ್ಲಿ ಬಿಡಿ. ಲೈಟು ಕಂಬ, ಹೈವೇ, ವೆಂಡಿಂಗ್ ಮಷೀನ್ ಎಲ್ಲಾ ಕ್ರಾಪ್ ಮಾಡಿ ತೆಗೆದ್ರೆ ಉಳಿಯೋದು ಯಾವ ಊರಲ್ಲಾದ್ರೂ ತೆಗೀಬಹುದಾದ ಒಂದು ಫೋಟೋ ಅಷ್ಟೇ.

ಪ್ರಿಂಟ್ ಆರಿಸ್ಕೊಳ್ಳೋದು

ಶುರು ಮಾಡೋರು ನೇರ ಅದೇ ಕಾಲದ ಇನ್ನೊಬ್ಬ ಕಲಾವಿದ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ ಹಿಡ್ಕೊಂಡು ಹೋಗ್ಬೇಡಿ, ಅದು ಸಮುದ್ರದ ನಡುವಿನ ನೋಟ, ಕಾಲೂರೋಕೆ ಜಾಗ ಇಲ್ಲ. ಅವನ ಫ್ಯೂಜಿ ಸರಣಿಗೆ ಮೂವತ್ತಾರು ನೋಟ ಅಂತ ಹೆಸರು, ನಿಜಕ್ಕೂ ಇರೋದು 46 ಪ್ರಿಂಟು, 1830ರ ಆಸುಪಾಸಲ್ಲಿ ಬಂದಿದ್ದು. ಅದರಲ್ಲಿ ಹಲವು ಚಿತ್ರ ಆಕಾರದ ಆಟ, ಜಾಗದ ದಾಖಲೆ ಅಂತ ನಂಬೋಕಾಗಲ್ಲ. ಹಿರೋಶಿಗೆಯದು ಎರಡು ಸರಣಿ ಒಳ್ಳೇದು. ಒಂದು 1833-34ರ ಹೊತ್ತಿಗೆ ಬಂದ ಎಡೊ (ಟೋಕಿಯೊದ ಹಳೇ ಹೆಸರು) ಮತ್ತೆ ಕ್ಯೋಟೊ ನಡುವಿನ ಟೊಕಾಯ್ಡೊ ಹೆದ್ದಾರಿಯ 53 ತಂಗುದಾಣಗಳ ಸರಣಿ, ಎಡೊದ ನಿಹೊನ್‌ಬಾಶಿ ಮತ್ತೆ ಕ್ಯೋಟೊ ಸೇರಿ 55 ಚಿತ್ರ. ಇನ್ನೊಂದು 1856ರಿಂದ 1858ರವರೆಗೆ ಬಂದ ಎಡೊದ ನೂರು ಪ್ರಸಿದ್ಧ ನೋಟಗಳು, ಇದು ಪೂರ್ತಿ ಈಗಿನ ಟೋಕಿಯೊ ಸುತ್ತಮುತ್ತ, ಲೋಕಲ್ ಟ್ರೇನು ಹತ್ತಿ ದಿನಕ್ಕೆ ನಾಲ್ಕೈದು ಜಾಗ ಮುಗಿಸ್ಬಹುದು.

ನನ್ನ ಮಾತು ಕೇಳೋದಾದ್ರೆ ಮೊದಲ ಸಲ 20ನೇ ಶತಮಾನದ ಮರದಚ್ಚಿನ ಕಲಾವಿದ ಕವಾಸೆ ಹಸುಯಿಯಿಂದ ಶುರು ಮಾಡಿ. ಅವನು 1883ರಿಂದ 1957ರವರೆಗೆ ಬದುಕಿದ್ದ, ಅಂದ್ರೆ ಹಿರೋಶಿಗೆಗಿಂತ ನಮಗೆ ತುಂಬಾ ಹತ್ತಿರ, ಊರೂರು ತಿರುಗಿ ಸ್ಕೆಚ್‌ಬುಕ್ ಹಿಡ್ಕೊಂಡು ಜಾಗದಲ್ಲೇ ಕೂತು ಬರ್ಕೊಂಡು ಬರ್ತಿದ್ದ ಮನುಷ್ಯ. 1923ರ ಭೂಕಂಪದಲ್ಲಿ ಆ ಸ್ಕೆಚ್‌ಬುಕ್ಕೆಲ್ಲಾ ಸುಟ್ಟೋದ್ರೂ ಮತ್ತೆ ಚೀಲ ಹೆಗಲಿಗೇರಿಸಿ ಹೊರಟ. ಅವನ ಚಿತ್ರದ ಕಣ್ಣಳತೆ ಕ್ಯಾಮೆರಾ ಕಣ್ಣಳತೆಗೆ ಹತ್ತಿರ ಇರತ್ತೆ, ಹೋದ ಕಡೆ ಕೈ ಕೊಡಲ್ಲ. ಹಲವು ಪ್ರಿಂಟಿನ ಅಂಚಲ್ಲಿ ಜಾಗದ ಹೆಸರು, ವರ್ಷ ಎರಡೂ ಬರೆದಿರತ್ತೆ. ವರ್ಷ ಚಕ್ರವರ್ತಿಯ ಆಳ್ವಿಕೆಯ ಜಪಾನಿ ಲೆಕ್ಕದಲ್ಲಿರತ್ತೆ, ತಾಯ್ಶೊ 14 ಅಂದ್ರೆ 1925, ಶೋವಾ 5 ಅಂದ್ರೆ 1930, ಹೀಗೆ ತಾಯ್ಶೊಗೆ 1911 ಕೂಡಿಸಿ, ಶೋವಾಗೆ 1925 ಕೂಡಿಸಿ.

ಚಿತ್ರದ ಒಳ್ಳೇ ಸ್ಕ್ಯಾನ್ ಸಿಗೋದು ಕಷ್ಟ ಇಲ್ಲ. ಜಪಾನಿನ ರಾಷ್ಟ್ರೀಯ ಡಯಟ್ ಲೈಬ್ರರಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಬ್ರೂಕ್ಲಿನ್ ಮ್ಯೂಸಿಯಂ ಇವೆಲ್ಲಾ ದೊಡ್ಡ ಸೈಜಲ್ಲಿ ಆನ್‌ಲೈನ್ ಇಟ್ಟಿವೆ. ಡೌನ್‌ಲೋಡ್ ಮಾಡಿ ಪೂರ್ತಿ ಝೂಮ್ ಮಾಡಿ ನೋಡಿ, ಸಣ್ಣ ಥಂಬ್‌ನೇಲ್ ನೋಡ್ಕೊಂಡು ಹೊರಟ್ರೆ ದಾರಿ ತಪ್ಪೋದು ಗ್ಯಾರಂಟಿ.

ಮನೇಲೇ ಕೂತು ಓದೋ ಕೆಲಸ

ಹಿರೋಶಿಗೆ ಪ್ರಿಂಟಲ್ಲಿ ಮೇಲ್ಗಡೆ ಬಣ್ಣದ ಪಟ್ಟಿಲಿ ಜಾಗದ ಹೆಸರು ಇರತ್ತೆ, ಫೋನಿನ ಗೂಗಲ್ ಲೆನ್ಸ್ ಹಿಡಿದ್ರೆ ಹಳೇ ಕೈಬರಹ ಆಗಿದ್ರೂ ಎಷ್ಟೋ ಸಲ ಓದತ್ತೆ, ಓದದೇ ಇದ್ರೆ ಮ್ಯೂಸಿಯಂ ಪುಟದಲ್ಲಿ ಹೆಸರು ಕೊಟ್ಟೇ ಇರ್ತಾರೆ. ಎಡೊ ಸರಣಿಯ ಚಿತ್ರದ ಅಂಚಲ್ಲಿ ಸಣ್ಣ ಮುದ್ರೆಗಳಿರ್ತಾವೆ, ಅದರಲ್ಲೊಂದು ವರ್ಷದ ಪ್ರಾಣಿ ಮತ್ತೆ ತಿಂಗಳು ಹೇಳತ್ತೆ. ಡ್ರ್ಯಾಗನ್ ಅಂದ್ರೆ 1856, ಹಾವು ಅಂದ್ರೆ 1857, ಕುದುರೆ ಅಂದ್ರೆ 1858. ಇದು ಅಚ್ಚಿಗೆ ಒಪ್ಪಿಗೆ ಸಿಕ್ಕ ತಿಂಗಳು, ಚಿತ್ರದಲ್ಲಿರೋ ಋತು ಅದೇ ಅಂತ ತಿಳ್ಕೋಬೇಡಿ. ಅಸಾಕುಸಾದ ಆ ಹಿಮದ ಚಿತ್ರ ಬಂದಿದ್ದು ಏಳನೇ ತಿಂಗಳಲ್ಲಿ! ಅದೂ ಅಲ್ದೆ ಜಪಾನಲ್ಲಿ 1872ರ ಕೊನೆವರೆಗೆ ಚಾಂದ್ರಮಾನದ ಕ್ಯಾಲೆಂಡರ್ ಇತ್ತು, ಹಾಗಾಗಿ ಹಳೇ ಬರಹದಲ್ಲಿ ಮೂರನೇ ತಿಂಗಳ ಹೂವು ಅಂತಿದ್ರೆ ಈಗಿನ ಏಪ್ರಿಲ್ ಹೊತ್ತಿಗೆ ನೋಡಿ. ಕಾಮೆಯಿಡೊ ತೆಂಜಿನ್ ಗುಡಿಯ ಡೋಲಿನಾಕಾರದ ಸೇತುವೆ ಮೇಲೆ ಇಳಿಬಿದ್ದ ನೇರಳೆ ವಿಸ್ಟೀರಿಯಾ ಹೂವು ಬೇಕಿದ್ರೆ ಏಪ್ರಿಲ್ ಕೊನೇ ವಾರ ಸರಿಯಾದ ಹೊತ್ತು.

ಆಮೇಲೆ ಮ್ಯಾಪು. ಜಪಾನ್ ಸರ್ಕಾರದ ಭೂಪಟ ಸಂಸ್ಥೆಯ ಆನ್‌ಲೈನ್ ಮ್ಯಾಪಲ್ಲಿ ಹಳೇ ವಿಮಾನದ ಫೋಟೋಗಳು ಸಿಗ್ತಾವೆ, ಎಡೊ ಕಾಲದ ನಕ್ಷೆನ ಈಗಿನ ನಕ್ಷೆ ಮೇಲೆ ಹಾಸಿ ತೋರಿಸೋ ಆ್ಯಪ್‌ಗಳೂ ಇದಾವೆ. ಅದರಲ್ಲಿ ನೋಡಿದ್ರೆ ಎಷ್ಟು ಕಾಲುವೆ ಮುಚ್ಚಿ ರಸ್ತೆ ಆಗಿದೆ, ಎಷ್ಟು ಸಮುದ್ರ ತುಂಬಿ ನೆಲ ಆಗಿದೆ ಅಂತ ಕಣ್ಣಿಗೆ ಕಟ್ಟೋ ಹಾಗೆ ಗೊತ್ತಾಗತ್ತೆ. ಬೆಟ್ಟ ಇರೋ ಚಿತ್ರಕ್ಕೆ ಕಾಶ್ಮೀರ್ ತ್ರೀಡಿ ಅನ್ನೋ ಜಪಾನಿ ಸಾಫ್ಟ್‌ವೇರು ಅಥವಾ ಫೋನಿನ ಪೀಕ್‌ಫೈಂಡರ್ ಬಳಸಿ, ಯಾವ ಜಾಗದಿಂದ ಯಾವ ಬೆಟ್ಟ ಯಾವ ಆಕಾರದಲ್ಲಿ ಕಾಣತ್ತೆ ಅಂತ ಬರೆದು ತೋರಿಸ್ತಾವೆ. ಫ್ಯೂಜಿಯ ಮೈಮೇಲೆ 1707ರ ಸ್ಫೋಟದಲ್ಲಿ ಎದ್ದ ಹೋಯೆಯ್ ಅನ್ನೋ ಗುಬುಟು ಇದೆ, ಆಗ್ನೇಯ ದಿಕ್ಕಿನ ಇಳಿಜಾರಲ್ಲಿ. ಟೋಕಿಯೊ ಕಡೆಯಿಂದ ನೋಡಿದ್ರೆ ಅದು ಎಡ ಭುಜದ ಮೇಲೆ, ಬೆಟ್ಟದ ನೈಋತ್ಯಕ್ಕಿರೋ ಶಿಝುವೊಕಾ ಕಡೆಯಿಂದ ನೋಡಿದ್ರೆ ಬಲ ಭುಜದ ಮೇಲೆ. ಚಿತ್ರದಲ್ಲಿ ಅದನ್ನ ಬರೆದಿದ್ರೆ ದಿಕ್ಕು ಪಕ್ಕಾ ಮಾಡ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ಗುರುತು ಇನ್ನೊಂದಿಲ್ಲ.

ಯಾವ ಕಡೆ ಮುಖ ಮಾಡಿ ನಿಂತಿದಾನೆ ಅನ್ನೋದನ್ನ ಚಿತ್ರದ ಸಣ್ಣ ಪುಟ್ಟ ವಸ್ತುಗಳೇ ಹೇಳ್ತಾವೆ. ಟೊಕಾಯ್ಡೊ ಸರಣಿಯ ಮೊದಲ ಚಿತ್ರ ನಿಹೊನ್‌ಬಾಶಿ ಸೇತುವೆ ನೋಡಿ, ಎಡಗಡೆ ಮೀನು ಮಾರೋರ ಹಿಂದೆ ಸರ್ಕಾರಿ ಆಜ್ಞೆಗಳ ಹಲಗೆ ನಿಂತಿದೆ. ಆ ಹಲಗೆ ಇದ್ದದ್ದು ಸೇತುವೆಯ ನೈಋತ್ಯ ಮೂಲೇಲಿ. ಹಾಗಾದ್ರೆ ನೋಡೋನು ದಕ್ಷಿಣ ತುದೀಲಿ ನಿಂತು ಉತ್ತರಕ್ಕೆ ನೋಡ್ತಿದಾನೆ, ಎದುರಿಗೆ ಬರ್ತಿರೋ ದೈಮ್ಯೊ (ಪ್ರಾಂತ್ಯದ ಪಾಳೇಗಾರ) ಮೆರವಣಿಗೆ ಎಡೊ ಬಿಟ್ಟು ಹೊರಟಿದೆ. ಈಗ ಅಲ್ಲಿರೋದು 1911ರ ಕಲ್ಲಿನ ಸೇತುವೆ, ಅದರ ನೆತ್ತಿ ಮೇಲೆ 1963ರ ಎಕ್ಸ್‌ಪ್ರೆಸ್‌ವೇ. ಆ ಎಕ್ಸ್‌ಪ್ರೆಸ್‌ವೇನ ನೆಲದೊಳಗೆ ಇಳಿಸೋ ಕೆಲಸ ಶುರು ಆಗಿದೆ, ಮುಗಿಯೋದು 2040ರ ಹೊತ್ತಿಗೆ ಅಂತ ಯೋಜನೆ. ಹಾಗಾಗಿ ಆ ಕಾಂಕ್ರೀಟ್ ಚಾವಣಿ ಇರೋ ಫೋಟೋನೂ ಈಗಲೇ ತೆಗೆದಿಟ್ಕೊಳ್ಳಿ, ಮುಂದೆ ಅದೂ ಒಂದು ಹಳೇ ನೋಟ ಆಗತ್ತೆ.

ಜಾಗದಲ್ಲಿ ನಿಂತ ಮೇಲೆ

ಇದು ಮುಖ್ಯ, ನಿಧಾನ ಓದಿ. ಚಿತ್ರದಲ್ಲಿ ಕದಲದ ವಸ್ತು ಎರಡು ಆರಿಸ್ಕೊಳ್ಳಿ, ಒಂದು ಹತ್ತಿರದ್ದು, ಒಂದು ದೂರದ್ದು. ಉದಾಹರಣೆಗೆ ಹತ್ತಿರದ ಗುಡ್ಡದ ಅಂಚು ಮತ್ತೆ ದೂರದ ಫ್ಯೂಜಿ. ನೀವು ಎಡಕ್ಕೆ ಬಲಕ್ಕೆ ನಡೆದ ಹಾಗೆ ಅವೆರಡರ ನಡುವಿನ ಸಂದು ಹಿಗ್ಗತ್ತೆ, ಕುಗ್ಗತ್ತೆ. ಚಿತ್ರದಲ್ಲಿ ಎಷ್ಟು ಸಂದು ಇದೆಯೋ ಅಷ್ಟು ಬರೋವರೆಗೆ ಅಡ್ಡ ನಡೀರಿ. ಆಮೇಲೆ ಮುಂದೆ ಹಿಂದೆ ನಡೀರಿ, ಹತ್ತಿರ ಹೋದ್ರೆ ಹತ್ತಿರದ್ದು ದೊಡ್ಡದಾಗತ್ತೆ, ದೂರದ್ದು ಹೆಚ್ಚು ಕಮ್ಮಿ ಅಷ್ಟೇ ಇರತ್ತೆ. ಅವೆರಡರ ಅಳತೆಯ ಹೊಂದಾಣಿಕೆ ಸಿಕ್ಕಿದ ಮೇಲೇನೇ ಝೂಮ್ ಮುಟ್ಟಿ. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ, ಒಂದೇ ಕಡೆ ನಿಂತು ಝೂಮ್ ತಿರುಗಿಸ್ತಾ ಇರ್ತಾರೆ. ಝೂಮ್ ಫ್ರೇಮನ್ನ ಕತ್ತರಿಸತ್ತೆ ಅಷ್ಟೇ, ವಸ್ತುಗಳ ಸಂಬಂಧ ಬದಲಾಯಿಸೋಕೆ ಕಾಲೇ ಬೇಕು.

ಫೋನಲ್ಲಿ ಅರೆಪಾರದರ್ಶಕವಾಗಿ ಚಿತ್ರ ಹಾಸಿ ಶೂಟ್ ಮಾಡೋ ಆ್ಯಪ್‌ಗಳಿದಾವೆ, ಚೆನ್ನಾಗಿವೆ, ಆದ್ರೆ ಬಿಸಿಲಲ್ಲಿ ಸ್ಕ್ರೀನು ಕಾಣಲ್ಲ. ನಾನು ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟ್ ತೆಗೆಸಿ, ಅದರ ಮೇಲೆ ಪೆನ್ಸಿಲಲ್ಲಿ ಉದ್ದಕ್ಕೆ ಮೂರು ಅಡ್ಡಕ್ಕೆ ಮೂರು ಭಾಗ ಮಾಡಿ ಗೆರೆ ಎಳೀತೀನಿ, ಕ್ಯಾಮೆರಾದಲ್ಲೂ ಗ್ರಿಡ್ ಆನ್ ಮಾಡ್ತೀನಿ, ಯಾವ ಚೌಕದಲ್ಲಿ ಏನಿದೆ ಅಂತ ಹೋಲಿಸ್ತೀನಿ. ಇದಕ್ಕೆ ಒಂದು ಅನುಕೂಲ ತಾನಾಗೇ ಒದಗಿ ಬಂದಿದೆ. ಈ ಪ್ರಿಂಟುಗಳ ಸಾಮಾನ್ಯ ಅಳತೆಗೆ ಓಬಾನ್ ಅಂತಾರೆ, ಕಾಗದ ಸುಮಾರು 39 ಸೆಂ.ಮೀ. ಉದ್ದ 26 ಸೆಂ.ಮೀ. ಅಗಲ. ಹಸುಯಿಯ ಚಿತ್ರದ ಭಾಗ ಸುಮಾರು 36ಕ್ಕೆ 24 ಸೆಂ.ಮೀ. ಫುಲ್‌ಫ್ರೇಮ್ ಸೆನ್ಸರ್ ಅಳತೆ 36ಕ್ಕೆ 24 ಮಿ.ಮೀ.! ಎರಡೂ ಮೂರಕ್ಕೆ ಎರಡರ ಪ್ರಮಾಣ. ಕ್ಯಾಮೆರಾ ನೆಟ್ಟಗೆ ತಿರುಗಿಸಿದ್ರೆ ಎಡೊ ಸರಣಿಯ ನಿಲುವು ಚಿತ್ರಗಳು ಒಂಚೂರೂ ಕ್ರಾಪ್ ಬೇಡದೇ ಕೂರ್ತಾವೆ. ಫೋನಲ್ಲಿ ತೆಗೆಯೋರು ಸೆಟ್ಟಿಂಗಲ್ಲಿ ಪ್ರಮಾಣ ಮೊದಲು ನೋಡ್ಕೊಳ್ಳಿ, ನಾಲ್ಕಕ್ಕೆ ಮೂರು ಇದ್ರೆ ಆಮೇಲೆ ಕ್ರಾಪ್ ಬೇಕಾಗತ್ತೆ.

ಎತ್ತರ ಇನ್ನೊಂದು ತಲೆನೋವು. ಹಿರೋಶಿಗೆಯ ಎಷ್ಟೋ ನೋಟ ಹಕ್ಕಿ ಕಣ್ಣಿನದು, ನೆಲದಲ್ಲಿ ನಿಂತ್ರೆ ಸಿಗಲ್ಲ. ಪಕ್ಕದಲ್ಲಿ ಪಾದಚಾರಿ ಮೇಲ್ಸೇತುವೆ ಇದೆಯಾ, ಸಾರ್ವಜನಿಕರನ್ನ ಬಿಡೋ ಕಟ್ಟಡದ ಮೇಲಂತಸ್ತಿದೆಯಾ ನೋಡಿ. ಏನೂ ಇಲ್ದಿದ್ರೆ ಮೋನೊಪಾಡ್ ತುದಿಗೆ ಕ್ಯಾಮೆರಾ ಸಿಕ್ಕಿಸಿ ತಲೆ ಮೇಲೆ ಎತ್ತಿ ಹಿಡಿದು ಫೋನಿಂದ ಕ್ಲಿಕ್ ಮಾಡಿ, ಒಂದೂವರೆ ಮೀಟರ್ ಎತ್ತರ ಹೆಚ್ಚಾದ್ರೂ ನೀರಿನ ಗೆರೆ ಎಷ್ಟು ಮೇಲೆ ಹೋಗತ್ತೆ ನೋಡಿದ್ರೆ ಆಶ್ಚರ್ಯ ಆಗತ್ತೆ.

ಸಟ್ಟಾ ಘಾಟಿ

ಒಂದೇ ಒಂದು ಜಾಗಕ್ಕೆ ಹೋಗೋಕೆ ಸಮಯ ಇದೆ ಅನ್ನೋರಿಗೆ ನಾನು ಹೇಳೋದು ಶಿಝುವೊಕಾದ ಸಟ್ಟಾ ಘಾಟಿ. ಟೊಕಾಯ್ಡೊ ಸರಣಿಯ ಯುಯಿ ಚಿತ್ರ ಇಲ್ಲೀದು. ಎಡಗಡೆ ಕಡಿದಾದ ಬಂಡೆ, ಬಂಡೆ ಅಂಚಲ್ಲಿ ಬಗ್ಗಿ ನೋಡೋ ಪ್ರಯಾಣಿಕರು, ವಾಲಿದ ಪೈನ್ ಮರ, ಬಲಗಡೆ ಸುರುಗಾ ಕೊಲ್ಲಿಯ ನೀಲಿ, ಹಿಂದೆ ಬೆಳ್ಳಗೆ ಫ್ಯೂಜಿ. ಅವತ್ತಿನ ನೋಟ ಇವತ್ತೂ ಹಾಗೇ ಇದೆ, ಬಂಡೆಯ ಬುಡದಲ್ಲಿ ಮಾತ್ರ ರೈಲು ಹಳಿ, ಒಂದನೇ ನಂಬರ್ ರಾಷ್ಟ್ರೀಯ ಹೆದ್ದಾರಿ, ಟೋಮೆಯ್ ಎಕ್ಸ್‌ಪ್ರೆಸ್‌ವೇ ಮೂರೂ ಒಂದರ ಪಕ್ಕ ಒಂದು ಒತ್ತಿಕೊಂಡು ಹೋಗ್ತಾವೆ. 1854ರ ಭೂಕಂಪದಲ್ಲಿ ಈ ದಡ ಮೇಲೆದ್ದು ಓಡಾಡೋಕೆ ನೆಲ ಸಿಕ್ತು, ಹಿರೋಶಿಗೆ ಕಾಲದಲ್ಲಿ ಕೆಳಗೆ ಅಲೆ ಬಡೀತಿತ್ತು, ಅದಕ್ಕೇ ಜನ ಘಾಟಿ ಹತ್ತಿ ಹೋಗ್ತಿದ್ರು. ಇದು ತಿಳಿದು ನೋಡಿದ್ರೆ ಆ ಹೈವೇ ಚಿತ್ರನ ಕೆಡಿಸಿದೆ ಅಂತ ಅನ್ಸೋದೇ ಇಲ್ಲ, ಚಿತ್ರದ ದಾರಿನೇ ಬಂಡೆ ಮೇಲಿಂದ ಕೆಳಗಿಳಿದಿದೆ ಅನ್ಸತ್ತೆ.

ಹೋಗೋದು ಹೀಗೆ: ಜೆಆರ್ (ಜಪಾನ್ ರೈಲ್ವೆ) ಟೊಕಾಯ್ಡೊ ಲೈನಿನ ಲೋಕಲ್ ಟ್ರೇನಲ್ಲಿ ಯುಯಿ ಸ್ಟೇಷನ್ ಇಳಿದು ಹಳೇ ಮನೆಗಳ ನಡುವಿನ ಹಳೇ ಟೊಕಾಯ್ಡೊ ರಸ್ತೆ ಹಿಡಿದು ಪಶ್ಚಿಮಕ್ಕೆ ನಡೀಬೇಕು, ಘಾಟಿಗೆ ಗಂಟೆಗೂ ಮೇಲೆ ನಡಿಗೆ, ಕೊನೇಲಿ ಕಿತ್ತಳೆ ತೋಟಗಳ ನಡುವೆ ಒಳ್ಳೇ ಏರು. ಶೂಟ್ ಮುಗಿಸಿ ಹಾಗೇ ಮುಂದೆ ಇಳಿದ್ರೆ ಒಕಿತ್ಸು, ರೈಲಲ್ಲಿ ಯುಯಿ ಆದ ಮೇಲಿನ ಮುಂದಿನ ಸ್ಟೇಷನ್ನೇ ಅದು. ಜೋರು ಮಳೆ ಆದ ಮೇಲೆ ಗುಡ್ಡ ಜರಿದು ದಾರಿ ಮುಚ್ಚಿರೋದುಂಟು, ಹೊರಡೋ ಮುಂಚೆ ನಗರಪಾಲಿಕೆ ಪ್ರಕಟಣೆ ನೋಡಿ. ಘಾಟಿಗೆ ಲೈವ್ ಕ್ಯಾಮೆರಾ ಇದೆ, ಬೆಳಗ್ಗೆ ಎದ್ದ ತಕ್ಷಣ ಅದರಲ್ಲಿ ಫ್ಯೂಜಿ ಕಾಣ್ತಿದೆಯಾ ನೋಡಿ ಆಮೇಲೆ ಶೂ ಹಾಕ್ಕೊಳ್ಳಿ. ನಾನು ಮೊದಲ ಸಲ ಮೇ ತಿಂಗಳಲ್ಲಿ ಹೋಗಿದ್ದೆ, ಆಕಾಶ ತಿಳಿಯಾಗೇ ಇತ್ತು, ಬಿಸಿಲೂ ಇತ್ತು, ಫ್ಯೂಜಿ ಇರೋ ಕಡೆ ಮಾತ್ರ ಹಾಲಿನಂಥ ಮಬ್ಬು, ಮೂರು ಗಂಟೆ ಕಾದ್ರೂ ಬೆಟ್ಟದ ಅಂಚೂ ಕಾಣಲಿಲ್ಲ. ಡಿಸೆಂಬರಿಂದ ಫೆಬ್ರವರಿ, ಅದರಲ್ಲೂ ಬೆಳ್ಳಂಬೆಳಗ್ಗೆ, ಇದು ಫ್ಯೂಜಿಯ ಕಾಲ. ಒಣ ಗಾಳಿ, ಬೆಟ್ಟದ ಮೇಲೆ ಹಿಮ, ಸೂರ್ಯ ಬಲಗಡೆ ಸಮುದ್ರದ ಕಡೆಯಿಂದ ಬರೋದ್ರಿಂದ ಹಿಮದ ಮೇಲೆ ನೆರಳು ಬೆಳಕು ಚೆನ್ನಾಗಿ ಬೀಳತ್ತೆ.

ಲೆನ್ಸ್ ವಿಷಯ. ಅಲ್ಲಿಂದ ಫ್ಯೂಜಿ ಶಿಖರ ಸುಮಾರು 34 ಕಿ.ಮೀ. ದೂರ, ಬೆಟ್ಟದ ಎತ್ತರ 3776 ಮೀ., ಲೆಕ್ಕ ಹಾಕಿದ್ರೆ ದಿಗಂತದಿಂದ ಆರು ಡಿಗ್ರಿ ಎತ್ತರ ಅಷ್ಟೇ. 50 ಎಂಎಂ ಲೆನ್ಸಲ್ಲಿ ಅಡ್ಡ ಫ್ರೇಮಿನ ಎತ್ತರದ ಕಾಲು ಭಾಗಕ್ಕಿಂತ ಕಮ್ಮಿ. ಹಿರೋಶಿಗೆ ಬೆಟ್ಟನ ಅದಕ್ಕಿಂತ ತುಂಬಾ ದೊಡ್ಡದು ಮಾಡಿ, ಇಳಿಜಾರನ್ನೂ ಕಡಿದಾಗಿಸಿ, ಬಂಡೆನೂ ಪೂರ್ತಿ ಸೇರಿಸಿದಾನೆ. ಅಂದ್ರೆ ಒಂದೇ ಚಿತ್ರದಲ್ಲಿ ಎರಡು ಲೆನ್ಸ್: ಬಂಡೆಗೆ 28, ಬೆಟ್ಟಕ್ಕೆ 100. ಕ್ಯಾಮೆರಾಗೆ ಅದು ಆಗಲ್ಲ. ಹಾಗಾಗಿ ನಾನು ಎರಡು ಫೋಟೋ ತೆಗೀತೀನಿ, 35ರಲ್ಲಿ ಬಂಡೆ ಸಮುದ್ರ ಎಲ್ಲಾ ಬರೋ ಹಾಗೆ ಒಂದು, 85ರಿಂದ 100ರಲ್ಲಿ ಹೈವೇಯ ತಿರುವಿನ ಮೇಲೆ ಫ್ಯೂಜಿ ಕೂತಿರೋ ಹಾಗೆ ಇನ್ನೊಂದು. ಎರಡನ್ನೂ ಪ್ರಿಂಟಿನ ಅಕ್ಕಪಕ್ಕ ಇಟ್ಟು ನೋಡಿದ್ರೆ ಹಿರೋಶಿಗೆ ತನ್ನ ಮನಸ್ಸಲ್ಲಿ ಹೊಲಿಗೆ ಹಾಕಿದ್ದು ಎಲ್ಲಿ ಅಂತ ಕಾಣತ್ತೆ. ನನಗೆ ಈ ಇಡೀ ಹವ್ಯಾಸದಲ್ಲಿ ಅತಿ ಇಷ್ಟದ ಕ್ಷಣ ಅದೇ.

ಸಮಯ ಉಳಿದ್ರೆ ಯುಯಿಯಲ್ಲೇ ಹಳೇ ತಂಗುಮನೆಯ ಜಾಗದಲ್ಲಿ ಟೊಕಾಯ್ಡೊ ಹಿರೋಶಿಗೆ ಮ್ಯೂಸಿಯಂ ಇದೆ, ಅಚ್ಚಿನ ಬಣ್ಣನ ಕಣ್ಣಾರೆ ನೋಡಿ ಬನ್ನಿ, ಸ್ಕ್ರೀನಲ್ಲಿ ನೋಡಿದ ನೀಲಿಗೂ ಕಾಗದದ ಮೇಲಿನ ಪ್ರಶ್ಯನ್ ನೀಲಿಗೂ ತುಂಬಾ ವ್ಯತ್ಯಾಸ.

ಮಳೆ, ಹಿಮ

ಎಡೊ ಸರಣಿಯಲ್ಲಿ ಒಹಾಶಿ ಸೇತುವೆ ಮೇಲೆ ದಿಢೀರ್ ಮಳೆಯ ಚಿತ್ರ ಇದೆಯಲ್ಲ, 1887ರಲ್ಲಿ ವ್ಯಾನ್ ಗಾಗ್ ನಕಲು ಮಾಡಿದ್ದು, ಅದು ಸುಮಿದಾ ನದಿಯ ಶಿನ್-ಒಹಾಶಿ. ಈಗಿನ ಸೇತುವೆ 1977ರದು, ಹಳದಿ ಕಂಬ, ಕೇಬಲ್ಲುಗಳು, ಹಳೇದಿದ್ದ ಜಾಗಕ್ಕಿಂತ ಸ್ವಲ್ಪ ನದಿಯ ಮೇಲ್ಹರಿವಿನ ಕಡೆಗಿದೆ. ಹಾಗಾಗಿ ಇಲ್ಲಿ ಕದಲದ ವಸ್ತು ಅಂದ್ರೆ ನದಿ, ಎದುರು ದಡ. ಹಮಾಚೊ ಕಡೆ ದಡದಲ್ಲಿ ನಡಿಗೆ ದಾರಿ ಇದೆ, ಅಲ್ಲಿಂದ ಪೂರ್ವಕ್ಕೆ ನೋಡಿ. ಮಳೆ ಬೇಕೇ ಬೇಕು, ಮಳೆ ಇಲ್ದೆ ಈ ಚಿತ್ರಕ್ಕೆ ಅರ್ಥ ಇಲ್ಲ, ಜುಲೈ ಆಗಸ್ಟಿನ ಸಂಜೆ ಸಿಡಿಲಿನ ಜೊತೆ ಬರೋ ಮಳೆನೇ ಚಿತ್ರದ ಮಳೆ. ಹಿರೋಶಿಗೆ ಮಳೆನ ಸಣ್ಣ ಕಪ್ಪು ಗೆರೆಗಳಾಗಿ ಕೆತ್ತಿಸಿದಾನೆ. ಕ್ಯಾಮೆರಾದ ಶಟರ್ 1/500 ಸೆಕೆಂಡಿಗೆ ಇಟ್ರೆ ಹನಿ ಚುಕ್ಕಿ ಚುಕ್ಕಿಯಾಗಿ ನಿಲ್ಲತ್ತೆ, ಒಂದು ಸೆಕೆಂಡಿಗೆ ಇಟ್ರೆ ಮಳೆ ಮಾಯ. 1/30ರಿಂದ 1/60ರ ನಡುವೆ ಗೆರೆ ಬರತ್ತೆ. ಗೆರೆ ಕಾಣೋಕೆ ಹಿಂದೆ ಕಪ್ಪು ಬೇಕು, ಬಿಳೀ ಆಕಾಶದ ಮುಂದೆ ಮಳೆ ಕಾಣೋದೇ ಇಲ್ಲ, ಅದಕ್ಕೆ ಸೇತುವೆಯ ಅಡಿಯ ನೆರಳನ್ನೋ ಎದುರು ದಡದ ಮರಗಳನ್ನೋ ಹಿಂದಕ್ಕೆ ತಗೊಳ್ಳಿ. ಲೆನ್ಸ್ ಹುಡ್ ಹಾಕಿ, ಒಣ ಬಟ್ಟೆ ನಾಲ್ಕು ಇಟ್ಕೊಳ್ಳಿ, ಸಿಡಿಲು ಹತ್ತಿರ ಬಂದ್ರೆ ನದಿ ದಡ ಬಿಟ್ಟು ಒಳಗೆ ಹೋಗಿಬಿಡಿ.

ಹಿಮಕ್ಕೆ ಹಸುಯಿಯ ಶಿಬಾ ಝೋಜೋಜಿ, ಟೋಕಿಯೊದ ಒಂದು ದೇವಸ್ಥಾನದ ಚಿತ್ರ, 1925ರದು. ಕೆಂಪು ಗೇಟು, ಪಕ್ಕದಲ್ಲಿ ಹಿಮ ಹೊತ್ತ ಪೈನ್, ಛತ್ರಿ ಬಗ್ಗಿಸಿ ಗಾಳಿಗೆ ಎದುರು ನಡೆಯೋ ಒಬ್ಬ ಹೆಂಗಸು. ಈ ಗೇಟು 1622ರದ್ದು, 1945ರ ದಾಳಿಲಿ ಸುತ್ತಲಿದ್ದದ್ದು ಬಹುಪಾಲು ಸುಟ್ಟರೂ ಇದು ನಿಂತಿತ್ತು, ಹಾಗಾಗಿ ಇಲ್ಲಿ ನಿಮಗೆ ಕಟ್ಟಡವೇ ಕದಲದ ಗುರುತು. ಚಿತ್ರದಲ್ಲಿ ಇಲ್ಲದ 333 ಮೀಟರಿನ ಟೋಕಿಯೊ ಟವರ್ ಹಿಂದೆ ಎದ್ದು ನಿಂತಿದೆ. ಟೋಕಿಯೊದಲ್ಲಿ ಹಿಮ ಬೀಳೋದು ವರ್ಷಕ್ಕೆ ಬೆರಳೆಣಿಕೆಯ ದಿನ, ಹೆಚ್ಚಾಗಿ ಜನವರಿ ಫೆಬ್ರವರಿಲಿ, ಮುನ್ಸೂಚನೆ ಬಂದ ರಾತ್ರಿನೇ ಬ್ಯಾಟರಿ ಚಾರ್ಜ್ ಮಾಡಿ ಮಲಗಿ. ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದ್ರೆ ಎರಡರಷ್ಟು ಬೆಳಕು) ಹೆಚ್ಚು ಇಡಿ, ಇಲ್ದಿದ್ರೆ ಹಿಮ ಬೂದಿ ಬಣ್ಣ ಬರತ್ತೆ. ಹಳೇ ಗುಡಿ ಗೇಟುಗಳಿಗೆ ರಿಪೇರಿ ಅಂತ ವರ್ಷಗಟ್ಟಲೆ ಮುಸುಕು ಹಾಕೋದುಂಟು, ಇತ್ತೀಚಿನ ಫೋಟೋ ಒಂದು ಹುಡುಕಿ ನೋಡ್ಕೊಂಡೇ ಹೊರಡಿ.

ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು

ಎಡೊ ಸರಣಿಯ ಹೆಗ್ಗುರುತು ಇದು, ಮೂಗಿನ ಮುಂದೆ ಒಂದು ಕೊಂಬೆ ಅಥವಾ ಲಾಂದ್ರ, ಅದರ ಸಂದಿಂದ ಊರು. ಅಭ್ಯಾಸಕ್ಕೆ ಉವೆನೊ ಪಾರ್ಕಿನ ಕಿಯೊಮಿಝು ಕಾನ್ನೊನ್ ಮಂಟಪಕ್ಕೆ ಹೋಗಿ. ಮಂಟಪದ ಮುಂದೆ ಚಂದ್ರನ ಪೈನ್ ಅಂತ ಕೊಂಬೆ ಸುತ್ತಿ ಉಂಗುರ ಆಗಿರೋ ಮರ ಇದೆ, ಹಳೇದು ಬಿರುಗಾಳಿಗೆ ಹೋದ ಮೇಲೆ 2012ರಲ್ಲಿ ಮತ್ತೆ ಬೆಳೆಸಿ ನಿಲ್ಸಿದ್ದು. ಉಂಗುರದೊಳಗಿಂದ ಶಿನೊಬಾಝು ಕೊಳದ ಬೆಂತೆನ್ ಗುಡಿ ನೇರ ಕಾಣತ್ತೆ. ಪಶ್ಚಿಮಕ್ಕೆ ನೋಡ್ಬೇಕಾದ್ದರಿಂದ ಬೆಳಗ್ಗೆ ಹೋಗಿ, ಸೂರ್ಯ ಬೆನ್ನ ಹಿಂದಿರತ್ತೆ. ಕೊಂಬೆ ಗುಡಿ ಎರಡೂ ಶಾರ್ಪ್ ಬರೋಕೆ ವೈಡ್ ಲೆನ್ಸಲ್ಲಿ ಎಫ್/11 ಅಥವಾ 16, ಅದೂ ಸಾಲದಿದ್ರೆ ಕ್ಯಾಮೆರಾ ಕದಲಿಸದೆ ಕೊಂಬೆಗೊಂದು ಗುಡಿಗೊಂದು ಫೋಕಸ್ ಮಾಡಿ ಎರಡು ಫೋಟೋ ತೆಗೆದು ಮನೇಲಿ ಸೇರಿಸಿ. ಪ್ರಿಂಟಲ್ಲಿ ಯಾವುದೂ ಮಬ್ಬಿಲ್ಲ, ಬ್ಯಾಕ್‌ಗ್ರೌಂಡ್ ಮಸುಕು ಮಾಡೋ ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡವೇ ಬೇಡ.

ಎನೊಶಿಮಾ ದ್ವೀಪಕ್ಕೆ ಹೋಗೋರು ಭರತ ಇಳಿತದ ಪಟ್ಟಿ ನೋಡ್ಕೊಂಡು ಹೋಗಿ, ಅಮಾವಾಸ್ಯೆ ಹುಣ್ಣಿಮೆ ಹೊತ್ತಿನ ದೊಡ್ಡ ಇಳಿತದಲ್ಲಿ ಹೊಕುಸಾಯಿ ಬರೆದ ಮರಳ ದಾರಿ ಈಗಲೂ ಸೇತುವೆ ಪಕ್ಕ ಎದ್ದು ಬರತ್ತೆ.

ಕೆಲವು ಜಾಗ ಹುಡುಕೋಕೆ ಹೋಗ್ಬೇಡಿ, ಅಥವಾ ಹೋದ್ರೂ ಹೊಂದಿಸೋಕೆ ಒದ್ದಾಡ್ಬೇಡಿ. ಕಾಂಬಾರಾದ ರಾತ್ರಿ ಹಿಮ ಹಿರೋಶಿಗೆಯ ಅತಿ ಚೆಂದದ ಚಿತ್ರ, ಮೊಣಕಾಲುದ್ದ ಹಿಮ, ಆದ್ರೆ ಕಾಂಬಾರಾ ಬೆಚ್ಚಗಿನ ಕರಾವಳಿ, ಅಲ್ಲಿ ಅಂಥ ಹಿಮ ಬೀಳೋದೇ ಇಲ್ಲ. ಅವನು ನೋಡಿದ್ದನ್ನೂ ಕಲ್ಪಿಸಿದ್ದನ್ನೂ ಬೇರೆ ಬೇರೆ ಇಡ್ತಿರಲಿಲ್ಲ.

ನಿಯಮಗಳ ಬಗ್ಗೆ ಬೇಗ ಹೇಳಿಬಿಡ್ತೀನಿ. ಗುಡಿ, ಸ್ಟೇಷನ್ ಹಲವು ಕಡೆ ಟ್ರೈಪಾಡ್ ಬಿಡಲ್ಲ, ಬೋರ್ಡ್ ನೋಡಿ. ಗರ್ಭಗುಡಿ ಒಳಗೆ ಸಾಮಾನ್ಯವಾಗಿ ಫೋಟೋ ಇಲ್ಲ. ಡ್ರೋನ್ 100 ಗ್ರಾಂ ಮೇಲಿದ್ರೆ ರಿಜಿಸ್ಟ್ರೇಷನ್ ಕಡ್ಡಾಯ, ಜನ ದಟ್ಟಣೆ ಇರೋ ನಗರ ಪ್ರದೇಶದಲ್ಲಿ ಅನುಮತಿ ಇಲ್ದೆ ಹಾರಿಸೋ ಹಾಗಿಲ್ಲ, ಹಕ್ಕಿ ಕಣ್ಣಿನ ನೋಟ ಬೇಕು ಅಂತ ಅದನ್ನ ನೆಚ್ಕೋಬೇಡಿ. ಯಾರದ್ದಾದ್ರೂ ಮುಖ ದೊಡ್ಡದಾಗಿ ಬಂದಿದ್ರೆ ಕೇಳಿ, ಛತ್ರಿ ಹಿಡಿದು ಬೆನ್ನು ತೋರಿಸಿ ನಡೆಯೋರು ಚಿತ್ರಕ್ಕೂ ಚೆನ್ನ, ಯಾರಿಗೂ ತೊಂದರೆನೂ ಇಲ್ಲ. ತೋಟದ ನಡುವಿನ ದಾರಿ ರೈತರದ್ದು, ಅವರ ಗಾಡಿ ಬಂದ್ರೆ ಟ್ರೈಪಾಡ್ ಎತ್ಕೊಂಡು ಪಕ್ಕಕ್ಕೆ ನಿಲ್ಲಿ.

ಎಡಿಟ್ ಮಾಡೋವಾಗ ಫೋಟೋನ ಪ್ರಿಂಟ್ ಥರ ಮಾಡೋ ಫಿಲ್ಟರ್ ಹಾಕ್ಬೇಡಿ ದಯವಿಟ್ಟು. ಪ್ರಿಂಟಿನ ಆಕಾಶದಲ್ಲಿ ಮೇಲಿಂದ ಕೆಳಗೆ ಕರಗೋ ನೀಲಿಗೆ ಬೊಕಾಶಿ ಅಂತಾರೆ, ಅಚ್ಚು ಹಾಕೋನು ಮರದ ಹಲಗೆ ಮೇಲೆ ಬಣ್ಣನ ಕೈಯಾರೆ ಸವರಿ ಮಾಡ್ತಿದ್ದ ಕೆಲಸ ಅದು. ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಕ್ಕೆ ಆಕಾಶ ತಾನೇ ಅದನ್ನ ಮಾಡತ್ತೆ, ಅಲ್ಲಿವರೆಗೆ ಕಾಯಿರಿ ಸಾಕು. ಪ್ರಿಂಟ್ ಒಂದು ಕಡೆ, ಫೋಟೋ ಒಂದು ಕಡೆ, ಎರಡೂ ಒಂದೇ ಅಳತೇಲಿ ಇಡಿ, ಕೆಳಗೆ ತೆಗೆದ ತಾರೀಖು, ಗಂಟೆ, ನಿಂತ ಜಾಗ, ಲೆನ್ಸ್ ಬರೀರಿ, ನಿಮ್ಮ ಹಿಂದೆ ಬರೋರಿಗೆ ಉಪಯೋಗಕ್ಕೆ ಬರತ್ತೆ. ಹಿರೋಶಿಗೆ, ಹೊಕುಸಾಯಿ, ಹಸುಯಿ ಮೂವರ ಚಿತ್ರಕ್ಕೂ ಜಪಾನಲ್ಲಿ ಕಾಪಿರೈಟ್ ಮುಗಿದಿದೆ, ಆದ್ರೂ ಸ್ಕ್ಯಾನ್ ಯಾವ ಮ್ಯೂಸಿಯಂದು ಅಂತ ಹೆಸರು ಹಾಕೋದು ಮರ್ಯಾದೆ.

ಕೊನೇದಾಗಿ ಒಂದು ಜಾಗ, ಇದು ಟೊಕಾಯ್ಡೊ ಅಲ್ಲ, ಬೆಟ್ಟದ ನಡುವಿನ ಕಿಸೊ ದಾರಿ. ಆ ದಾರಿಯ ಅಗೆಮಾತ್ಸು ತಂಗುದಾಣದ ಚಿತ್ರದಲ್ಲಿ ಹಿರೋಶಿಗೆ ಒನೊ ಜಲಪಾತ ಬರೆದಿದಾನೆ, ನೀರು ನೆಟ್ಟಗೆ ಬೀಳತ್ತೆ, ಪ್ರಯಾಣಿಕರು ತಲೆಯೆತ್ತಿ ನೋಡ್ತಾ ನಿಂತಿದಾರೆ. ಈಗ 19ನೇ ನಂಬರ್ ಹೆದ್ದಾರಿ ಪಕ್ಕದಲ್ಲೇ ಸಿಗತ್ತೆ, ಬಂಡೆ ಅದೇ, ನೀರು ಅದೇ, ಜಲಪಾತದ ಮುಂದೆ ನೆತ್ತಿ ಮೇಲೆ ಚುವೊ ಲೈನಿನ ರೈಲು ಸೇತುವೆ ಅಡ್ಡ ಹಾದು ಹೋಗಿದೆ. ಸೇತುವೆ ತಪ್ಪಿಸಿ ನೀರು ಮಾತ್ರ ತೆಗೆಯೋರನ್ನ ನೋಡಿದೀನಿ. ನೀವು ಟೈಮ್‌ಟೇಬಲ್ ನೋಡ್ಕೊಂಡು ಹೋಗಿ, ಲೋಕಲ್ ಟ್ರೇನು ಕಮ್ಮಿ, ನಡುವೆ ಶಿನಾನೊ ಎಕ್ಸ್‌ಪ್ರೆಸ್ ಓಡತ್ತೆ. ಪ್ರಯಾಣಿಕರು ನಿಂತಿದ್ದ ಕಡೆ ತಗ್ಗಲ್ಲಿ ನಿಂತು ಕ್ಯಾಮೆರಾ ನೆಟ್ಟಗೆ ತಿರುಗಿಸಿ, ಕೆಳಗೆ ನೀರು ಮೇಲೆ ಸೇತುವೆ ಬರೋ ಹಾಗೆ ಫ್ರೇಮ್ ಕಟ್ಟಿ ಕಾಯಿರಿ. ಶಟರ್ 1/250 ಇಟ್ರೆ ರೈಲು ನಿಲ್ಲತ್ತೆ, ನೀರೂ ಹೆಪ್ಪುಗಟ್ಟಿದ ಹಾಗೆ ನಿಂತುಬಿಡತ್ತೆ. 1/4 ಇಟ್ರೆ ನೀರು ರೇಷ್ಮೆ, ರೈಲು ಬರೀ ಒಂದು ಬಣ್ಣದ ಪಟ್ಟೆ. ಹಿರೋಶಿಗೆಯ ನೀರಿಗೆ ಗೆರೆಗಳಿವೆ, ಎಣಿಸ್ಬಹುದಾದಷ್ಟು ಸ್ಪಷ್ಟ, ಹಾಗಾಗಿ ನಾನು 1/30ಕ್ಕೆ ಇಟ್ಟೆ, ನೀರಲ್ಲಿ ಗೆರೆ ಬಂತು, ರೈಲು ಕೊಂಚ ಅಲುಗಿತು, ಕಿಟಕಿಗಳು ಮಾತ್ರ ಒಂದೊಂದಾಗಿ ಗುರುತು ಸಿಗ್ತಿದ್ವು.